ವಂತಿಗೆ ಕೊಟ್ಟವರ ಹಕ್ಕು

ಚುನಾವಣೆಗೆ ನಿಂತವರು ಮತದಾರರ ಹತ್ತಿರವೇ ದುಡ್ಡು ಕೇಳಬಹುದೆ? ಕೇಳಲೇಬೇಕು ಎಂಬುದು ನನ್ನ ವಾದ.

ನಂಜನಗೂಡು, ತಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿ ಕಟ್ಟಬೇಕಾದ ಠೇವಣಿ 5,000 ರೂಪಾಯಿ. 2022ರಲ್ಲಿ ಪರಿಷ್ಕರಿಸಿದ ಖರ್ಚಿನ ಮಿತಿ 40 ಲಕ್ಷ. ಕೂಲಿ ಮಾಡುವವರ ಮಗಳು ಠೇವಣಿಯನ್ನೇನೋ ಹೊಂದಿಸಿಯಾಳು, ಮಿಕ್ಕದ್ದನ್ನು ಎಲ್ಲಿಂದ ತಂದಾಳು? ಮೀಸಲಾತಿ ನಿಲ್ಲುವ ಹಕ್ಕು ಕೊಟ್ಟಿದೆ, ನಿಲ್ಲುವ ತಾಕತ್ತು ಕೊಟ್ಟಿಲ್ಲ. ಆ ದುಡ್ಡನ್ನು ಗುತ್ತಿಗೆದಾರನೋ ಜಮೀನು ವ್ಯವಹಾರದವನೋ ಕೊಟ್ಟರೆ, ಗೆದ್ದ ಮೇಲೆ ಮೊದಲ ಕೆಲಸ ಅವನದೇ ಆಗುತ್ತದೆ.

ನಂಜನಗೂಡು ತಾಲ್ಲೂಕಿನ ಹದಿನಾರಿನಂಥ ಊರುಗಳಲ್ಲಿ ಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತುವುದು ಹೊಸದಲ್ಲ. ಹಬ್ಬ ಮುಗಿದ ಮೇಲೆ ಯಜಮಾನರು ಲೆಕ್ಕ ಒಪ್ಪಿಸಬೇಕು. ಶಾಮಿಯಾನಕ್ಕೆಷ್ಟು, ತಮಟೆಯವರಿಗೆಷ್ಟು, ಉಳಿದದ್ದೆಲ್ಲಿ ಎಂದು ನೂರು ರೂಪಾಯಿ ಕೊಟ್ಟವನೂ ಕೇಳುತ್ತಾನೆ. ಶಾಸಕನನ್ನು ಹಾಗೆ ಕೇಳಲು ಅವನಿಗೆ ಬಾಯಿ ಬರುವುದಿಲ್ಲ. ಅಲ್ಲಿ ಅವನು ಕೊಟ್ಟವನಲ್ಲ, ಎಷ್ಟೋ ಸಲ ಈಸಿಕೊಂಡವನು.

ಈಸಿಕೊಂಡು ರೂಢಿಯಾದವರು ಕೊಟ್ಟಾರೆಯೆ ಎಂಬ ಆಕ್ಷೇಪ ಹಗುರವಾದುದಲ್ಲ. ನೂರರಂತೆ 40 ಲಕ್ಷ ಕೂಡಿಸಲು 40,000 ಜನ ಬೇಕು. ಆದರೆ ಮಿತಿಯೆಂದರೆ ಅಷ್ಟನ್ನೂ ಸುರಿಯಬೇಕೆಂದಲ್ಲ. 1952ರಲ್ಲೇ ಶಾಸಕರಾಗಿ ಗೆದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರ ಹೆಸರಿನೊಂದಿಗೆ ಮಲೆನಾಡಿನಲ್ಲಿ ಇಂದಿಗೂ ನೆನಪಾಗುವುದು ಒಂದು ಓಟಿನ ಜೊತೆ ಒಂದು ನೋಟು ಬೇಡಿದ ಚುನಾವಣೆ. ಹತ್ತು ಸಾವಿರ ಜನ ನೂರು ಕೊಟ್ಟರೆ ಹತ್ತು ಲಕ್ಷವಾಯಿತು. ಅದಕ್ಕಿಂತ ಹೆಚ್ಚಾಗಿ, ಹತ್ತು ಸಾವಿರ ಮನೆಗಳಲ್ಲಿ ದುಡಿಯುವವರು ಸಿಕ್ಕಂತಾಯಿತು.

ಕಾನೂನು ಹೀಗೆ ವಂತಿಗೆ ಎತ್ತಿ ನಿಲ್ಲುವವರ ಪರವಾಗಿಲ್ಲ. ಅಭ್ಯರ್ಥಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಫಲಿತಾಂಶದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. ಪಕ್ಷಕ್ಕೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿಯುಂಟು, ಪಕ್ಷೇತರರಿಗೆ ಕೊಟ್ಟವರಿಗಿಲ್ಲ. ದಾನಿಗಳ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ರದ್ದುಮಾಡಿತು. ಕಾರಣ, ದುಡ್ಡಿನ ಮೂಲ ತಿಳಿಯುವುದು ಮತದಾರನ ಹಕ್ಕು.

ಆ ಹಕ್ಕು ಊರಿನ ಮಟ್ಟಕ್ಕೂ ಇಳಿಯಲಿ. ಯಾರಿಂದ ಎಷ್ಟು ಬಂತು ಎಂಬ ಪಟ್ಟಿಯನ್ನು ಮತದಾನಕ್ಕೆ ಮುಂಚೆಯೇ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಲಿ. ಗೆದ್ದರೆ ಯಾರ ಋಣ ತೀರಿಸುತ್ತಾರೆಂಬುದನ್ನು ಮತದಾರ ಓದಿಕೊಂಡೇ ಮತಗಟ್ಟೆಗೆ ಹೋಗಲಿ.