ತಿಂಗಳ ಕೊನೆಯ ಸಿಡುಕು ಮತ್ತು ಮಕ್ಕಳ ಹಟ

ಮಗು ಸಹಪಾಠಿಗಳನ್ನು ಹೊಡೆಯುತ್ತದೆ, ಹೇಳಿದ ಮಾತು ಕೇಳುವುದಿಲ್ಲ ಎಂಬ ದೂರು ಶಿಶುವಿಹಾರದಿಂದ ಬಂದಾಗ ಸಮಾಜದ ಹಿರಿಯರು ನೀಡುವ ತೀರ್ಪು ಬಹುಮಟ್ಟಿಗೆ ಒಂದೇ: ಮನೆಯಲ್ಲಿ ಸಂಸ್ಕಾರವಿಲ್ಲ. ಪಾಠಶಾಲೆಗೆ ಕಳುಹಿಸಿ, ಮೊಬೈಲ್ ಕಿತ್ತುಕೊಳ್ಳಿ ಎಂಬ ಉಪದೇಶ ಅದರ ಬೆನ್ನಿಗೇ ಬರುತ್ತದೆ. ಆ ಮನೆಯ ಜಮಾಖರ್ಚು ಹೇಗಿದೆ ಎಂದು ವಿಚಾರಿಸುವವರು ಅಪರೂಪ.

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಮಧ್ಯಮ ವರ್ಗದ ಕುಟುಂಬವೊಂದರ ಲೆಕ್ಕವನ್ನೇ ನೋಡಬಹುದು. ಬಾಡಿಗೆ ಇಲ್ಲವೆ ಗೃಹಸಾಲದ ಕಂತು, ಶಾಲಾ ಶುಲ್ಕ, ಊರಿನಲ್ಲಿರುವ ವೃದ್ಧರ ಔಷಧ ಇವೇ ಸಂಬಳದ ಬಹುಭಾಗವನ್ನು ನುಂಗುತ್ತವೆ. ಮಿಕ್ಕದ್ದಕ್ಕೆ ಕ್ರೆಡಿಟ್ ಕಾರ್ಡ್. ಒಂದು ಲಕ್ಷ ರೂಪಾಯಿ ಬಾಕಿಗೆ ತಿಂಗಳಿಗೆ ಶೇ. 3.5ರ ದರದಲ್ಲಿ ಬಡ್ಡಿಯೇ 3,500 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ. ಅಸಲು ಒಂದು ರೂಪಾಯಿಯೂ ತಗ್ಗದೆ 4,130 ರೂಪಾಯಿ ಕೈಬಿಡುತ್ತದೆ.

ನಾಲ್ಕು ವರ್ಷದ ಮಗುವಿಗೆ ಬಡ್ಡಿ ಅರ್ಥವಾಗದು. ತಾಯಿಯ ಮುಖ, ತಂದೆಯ ದನಿ ಅರ್ಥವಾಗುತ್ತವೆ. ಐದನೆಯ ತಾರೀಖಿನಂದು ಚೆಲ್ಲಿದ ಹಾಲನ್ನು ನಗುತ್ತ ಒರೆಸಿದ ಕೈಯೇ ಇಪ್ಪತ್ತೈದರಂದು ಅದೇ ತಪ್ಪಿಗೆ ಹೊಡೆಯುತ್ತದೆ. ಸರಿತಪ್ಪುಗಳ ಗೆರೆ ಹೀಗೆ ಅಲುಗಾಡಿದಾಗ ಮಗು ಹಟದಿಂದ, ಕಿರುಚಾಟದಿಂದ ಅದನ್ನು ಮತ್ತೆ ಮತ್ತೆ ಪರೀಕ್ಷಿಸುತ್ತದೆ. ಮನೆಯಲ್ಲಿ ಕಂಡ ಹೊಡೆತವನ್ನು ಶಿಶುವಿಹಾರದಲ್ಲಿ ಪ್ರಯೋಗಿಸುತ್ತದೆ.

1980ರ ದಶಕದ ಕೃಷಿ ಸಾಲದ ಬಿಕ್ಕಟ್ಟಿನಲ್ಲಿ ನಲುಗಿದ ಅಮೆರಿಕದ ಅಯೋವಾ ರಾಜ್ಯದ ಕುಟುಂಬಗಳನ್ನು ಅಧ್ಯಯನ ಮಾಡಿದ ರ‍್ಯಾಂಡ್ ಕಾಂಗರ್ ಮತ್ತು ಸಂಗಡಿಗರು ಇದೇ ಸರಪಳಿಯನ್ನು ಗುರುತಿಸಿದರು: ಹಣದ ಒತ್ತಡದಿಂದ ತಂದೆತಾಯಿಯರ ಖಿನ್ನತೆ, ಅದರಿಂದ ದಾಂಪತ್ಯ ಕಲಹ, ಅದರಿಂದ ಮಕ್ಕಳೊಡನೆ ಕಠೋರತೆ, ಕೊನೆಗೆ ಮಕ್ಕಳ ವರ್ತನೆಯಲ್ಲಿ ಏರುಪೇರು. ಅವರು ಮೊದಲು ಗಮನಿಸಿದ್ದು ಹದಿಹರೆಯದವರನ್ನು. ಚಿಕ್ಕ ಮಕ್ಕಳಿರುವ ಕುಟುಂಬಗಳಲ್ಲಿಯೂ ಇಂಥದೇ ಸರಪಳಿ ಮುಂದೆ ಕಂಡುಬಂದಿತು.

ಹಣ ಬಂದರೆ ವರ್ತನೆ ಸುಧಾರಿಸುವುದೇ? ಉತ್ತರ ಕೆರೊಲಿನಾದಲ್ಲಿ ಚೆರೊಕೀ ಬುಡಕಟ್ಟಿನವರ ಕ್ಯಾಸಿನೊ 1990ರ ದಶಕದಲ್ಲಿ ಆರಂಭವಾಗಿ, ಲಾಭದ ಪಾಲು ಬುಡಕಟ್ಟಿನ ಪ್ರತಿ ಸದಸ್ಯನಿಗೂ ಸಲ್ಲತೊಡಗಿತು. ಅಲ್ಲಿನ ಮಕ್ಕಳ ಅಧ್ಯಯನವೊಂದು 1993ರಿಂದಲೇ ನಡೆದಿತ್ತು. ಬಡತನದಿಂದ ಹೊರಬಂದ ಕುಟುಂಬಗಳ ಮಕ್ಕಳ ದುರ್ವರ್ತನೆಯ ಲಕ್ಷಣಗಳು, ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಇಳಿದುದನ್ನು 2003ರ ವರದಿ ದಾಖಲಿಸಿತು. ಆತಂಕ, ಖಿನ್ನತೆಗಳು ಮಾತ್ರ ಹೆಚ್ಚು ಬದಲಾಗಲಿಲ್ಲ. ತಂದೆತಾಯಿಯರಿಗೆ ಮಕ್ಕಳ ಮೇಲೆ ಕಣ್ಣಿಡಲು ಬಿಡುವು ದೊರೆತದ್ದೇ ಈ ಸುಧಾರಣೆಯ ಮುಖ್ಯ ಕಾರಣವೆಂದು ಸಂಶೋಧಕರು ಕಂಡುಕೊಂಡರು.

ಬಡತನದಲ್ಲಿಯೂ ಮಕ್ಕಳನ್ನು ಚೆನ್ನಾಗಿ ಬೆಳೆಸಿದವರು ಬೇಕಾದಷ್ಟು ಜನ ಇದ್ದಾರೆ. ಸಿರಿವಂತರ ಮನೆಯಲ್ಲಿಯೂ ಉದ್ಧಟ ಮಕ್ಕಳಿದ್ದಾರೆ. ಆದರೆ ಬಡತನವನ್ನು ಗೆದ್ದ ಮನೆಗಳ ಹಿಂದೆ ಅಜ್ಜಿ, ಅತ್ತೆ, ನೆರೆಹೊರೆಯ ಆಸರೆ ಇರುತ್ತಿತ್ತು. ಊರು ಬಿಟ್ಟು ಎರಡು ಕೋಣೆಗಳ ಮನೆಯಲ್ಲಿ ಬಾಳುವ ಕುಟುಂಬಕ್ಕೆ ಆ ಆಸರೆಯಿಲ್ಲ.

ಅದನ್ನು ಒದಗಿಸಬೇಕಾದುದು ಸಮಾಜ. ಈಗ ಸಮಾಜದ ನೆರವು ಸಾಮಾನ್ಯವಾಗಿ ಹತ್ತನೆಯ ತರಗತಿಯಲ್ಲಿ ಶೇ. 90 ದಾಟಿದವರಿಗೆ, ಶಾಲು ಹೊದಿಸಿ, ವೇದಿಕೆಯ ಮೇಲೆ ದೊರೆಯುತ್ತದೆ. ಮೂರರಿಂದ ಆರರ ವಯಸ್ಸಿನ ಮಗುವಿನ ಮನೆಗೆ ಅದು ಹತ್ತು ವರ್ಷ ತಡ. ಪ್ರತಿ ನಗರದ ಸಂಘವೂ ಒಂದು ಸಣ್ಣ ನಿಧಿಯನ್ನು ತೆಗೆದಿಡಲಿ. ಅದರಿಂದ ಒಂದು ಲಕ್ಷ ರೂಪಾಯಿ ಬಡ್ಡಿಯಿಲ್ಲದೆ ದೊರೆತರೆ, ತಿಂಗಳಿಗೆ 5,000ದಂತೆ ಇಪ್ಪತ್ತು ತಿಂಗಳಲ್ಲಿ ಆ ಕಾರ್ಡಿನ ಋಣ ತೀರುತ್ತದೆ. ಪಡೆದವರ ಹೆಸರು ಇಬ್ಬರಿಗಷ್ಟೇ ತಿಳಿದಿರಲಿ; ಛಾಯಾಚಿತ್ರ ಬೇಡ, ಫಲಕ ಬೇಡ. ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ದಾನವೆಂದು ಎಣಿಸಿದ ಪರಂಪರೆಗೆ ಇದು ಹೊಸತಲ್ಲ. ಬರುವ ವಾರ್ಷಿಕ ಮಹಾಸಭೆಯ ಆಯವ್ಯಯದಲ್ಲಿ ಇದಕ್ಕೊಂದು ಸಾಲು ಸೇರಲಿ. ಆ ಬಳಿಕ ಸಂಸ್ಕಾರದ ಉಪದೇಶಕ್ಕೆ ಸಮಯವಿದೆ.