ರಾಜಾ ರಾಮಣ್ಣ ಕುಳಿತಿದ್ದ ಕುರ್ಚಿ ಮತ್ತು ಚಳ್ಳಕೆರೆಯ ಕಾವಲು

ಬಳ್ಳಾರಿ: ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನ ಪದವಿ ವಿದ್ಯಾರ್ಥಿಗಳಿಗೆ ರಕ್ಷಣಾ ಇಲಾಖೆ ಎಂದರೆ ಸೇನಾ ನೇಮಕಾತಿ, ಹೆಚ್ಚೆಂದರೆ ಐಎಎಸ್. ಪ್ರಯೋಗಾಲಯದಿಂದಲೂ ಆ ಸಚಿವಾಲಯಕ್ಕೆ ದಾರಿಯಿದೆ ಎಂಬುದನ್ನು ತೋರಿಸಿಕೊಟ್ಟವರು ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ 1925ರಲ್ಲಿ ಜನಿಸಿದ ಡಾ. ರಾಜಾ ರಾಮಣ್ಣ.

1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದ ಅಣು ಪರೀಕ್ಷೆಯ ನೇತೃತ್ವ ವಹಿಸಿದ್ದ ಅವರು 1978ರಲ್ಲಿ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾದರು. ಡಿಆರ್‌ಡಿಓ ಮಹಾನಿರ್ದೇಶಕರೂ ಅವರೇ ಆಗಿದ್ದರು. 1981ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಮರಳಿದರು. 1990ರಲ್ಲಿ ವಿ.ಪಿ. ಸಿಂಗ್ ಸಂಪುಟದಲ್ಲಿ ರಕ್ಷಣಾ ಖಾತೆ ರಾಜ್ಯ ಸಚಿವರಾದರೂ ಆ ಸರ್ಕಾರ ನವೆಂಬರ್‌ನಲ್ಲೇ ಪತನಗೊಂಡಿತು. 2004ರಲ್ಲಿ ಅವರು ನಿಧನರಾದರು.

ಅಧಿಕಾರಿಯಾಗಿಯೂ ಸಚಿವರಾಗಿಯೂ ಅದೇ ಸಚಿವಾಲಯ ಕಂಡವರು ವಿರಳ. ಆದರೆ ಅವರು ಕುಳಿತಿದ್ದ ಕುರ್ಚಿಯಲ್ಲೇ ಒಂದು ತೊಡಕಿತ್ತು. ಶಸ್ತ್ರಾಸ್ತ್ರ ತಯಾರಿಸುವ ಸಂಸ್ಥೆಯ ಮುಖ್ಯಸ್ಥನೇ ಅದು ಹೇಗಿದೆ ಎಂದು ಸಚಿವರಿಗೆ ಸಲಹೆ ನೀಡಬೇಕಿತ್ತು. ಅಡುಗೆ ಮಾಡಿದವನೇ ರುಚಿಯ ತೀರ್ಪನ್ನೂ ಕೊಟ್ಟಂತೆ! ರಾಮಣ್ಣ ಅವರ ವಿದ್ವತ್ತಿನ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ದೋಷವಿದ್ದುದು ವ್ಯವಸ್ಥೆಯಲ್ಲಿ. ಈ ಎರಡು ಹೊಣೆಗಳನ್ನು ಇಬ್ಬರು ವ್ಯಕ್ತಿಗಳಿಗೆ ಹಂಚಲು ಸರ್ಕಾರಕ್ಕೆ 2015ರವರೆಗೆ ಸಮಯ ಬೇಕಾಯಿತು. 2023ರಲ್ಲಿ ಡಿಆರ್‌ಡಿಓ ಪುನರ್ರಚನೆಗಾಗಿ ವಿಜ್ಞಾನಿ ಕೆ. ವಿಜಯರಾಘವನ್ ಅಧ್ಯಕ್ಷತೆಯ ಸಮಿತಿಯನ್ನೂ ನೇಮಿಸಲಾಯಿತು.

ಇದು ದೆಹಲಿಯ ಕಡತಗಳ ವಿಷಯ ಎಂದು ಬಳ್ಳಾರಿಯವರು ತಳ್ಳಿಹಾಕುವಂತಿಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲಿನ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಡಿಆರ್‌ಡಿಓ ಪಾಲಾಗಿದೆ. ದನ, ಕುರಿ ಮೇಯಿಸುತ್ತಿದ್ದ ಹಳ್ಳಿಗರು ಇದನ್ನು ವಿರೋಧಿಸಿದರು. ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಅಲ್ಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಅಲ್ಲಿ ಪರೀಕ್ಷೆಗೊಳಗಾದ ಪೈಲಟ್‌ರಹಿತ ವಿಮಾನ ತಪಸ್, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ ಪತನಗೊಂಡಿತು. ಎತ್ತರ ಮತ್ತು ಹಾರಾಟದ ಅವಧಿಯಲ್ಲಿ ಸೇನೆಯ ಅಗತ್ಯವನ್ನು ಅದು ಮುಟ್ಟಲಿಲ್ಲ. ಮರು ವರ್ಷ ಆದ್ಯತೆಯ ಯೋಜನೆಗಳ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು.

ಯೋಜನೆ ಗುರಿ ಮುಟ್ಟುವುದಿಲ್ಲ ಎಂದು ಸಚಿವರಿಗೆ ಮೊದಲೇ ಹೇಳಬೇಕಾದವರು ಯಾರು ಎಂಬ ಪ್ರಶ್ನೆ ರಾಮಣ್ಣ ಅವರ ಕಾಲದಲ್ಲೂ ಇತ್ತು. ಕಾವಲು ಕಳೆದುಕೊಂಡವರು ಈಗ ಕೇಳುತ್ತಿರುವುದೂ ಅದನ್ನೇ ಎನ್ನಬಹುದು.