ವಿವೇಚನೆಯಲ್ಲ, ಮರ್ಜಿ

ಕನ್ನಡದಲ್ಲಿ 'ವಿವೇಚನೆ' ಎಂಬುದು ಬಹಳ ಮರ್ಯಾದಸ್ಥ ಪದ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗಂತೂ ಅದರ ಮೇಲೆ ವಿಶೇಷ ಮಮತೆ. ಜಳ್ಳು ಕಾಳು ಬೇರ್ಪಡಿಸಿ, ತೂಗಿ ನೋಡಿ, ಹೀಗೇಕೆ ತೂಗಿದೆ ಎಂದು ಓದುಗರಿಗೆ ಕಾರಣವನ್ನೂ ಕೊಟ್ಟಾಗ ಅದು ವಿವೇಚನೆ. ಕಾನೂನಿನ ಕನ್ನಡ ಈ ಪದಕ್ಕೆ 'ಅಧಿಕಾರ'ವನ್ನು ಅಂಟಿಸಿ 'ವಿವೇಚನಾಧಿಕಾರ' ಎಂದು ಮಾಡಿಕೊಂಡಿದೆ. ಯಾರನ್ನು ಬಂಧಿಸಬೇಕು, ಯಾರನ್ನು ಗದರಿಸಿ ಕಳಿಸಬೇಕು, ಯಾರ ದೂರು ಬರೆದುಕೊಳ್ಳಬೇಕು, ಯಾರನ್ನು 'ನಾಳೆ ಬನ್ನಿ' ಎನ್ನಬೇಕು ಎಂದು ತೀರ್ಮಾನಿಸುವ ಪೊಲೀಸರ ಅಧಿಕಾರಕ್ಕೂ ಇದೇ ಹೆಸರು. ನನ್ನ ತಕರಾರು ಈ ನಾಮಕರಣದ ಬಗ್ಗೆ. ಕಾರಣ ಕೊಡದೆ ಮಾಡುವ ಆಯ್ಕೆಗೆ ಜನ ಹಿಂದಿನಿಂದಲೂ ಬಳಸುತ್ತ ಬಂದ ಪದ 'ಮರ್ಜಿ'. ಪೊಲೀಸ್ ವಿವೇಚನೆಯ ಚರಿತ್ರೆಯನ್ನು ಓದಿದಷ್ಟೂ ನನಗೆ ಕಾಣುವುದು ಮರ್ಜಿಯ ಚರಿತ್ರೆಯೇ.

ಇದು ಪೊಲೀಸರ ಸ್ವಭಾವದ ಮೇಲಿನ ದೂರಲ್ಲ. ನನ್ನ ಆಕ್ಷೇಪ ಕಾನೂನಿನ ವಾಕ್ಯಗಳ ಮೇಲೆ.

1855ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಚಿತ್ರಹಿಂಸೆ ತನಿಖಾ ಆಯೋಗ ತನ್ನ ವರದಿ ಕೊಟ್ಟಿತು. ಬಳ್ಳಾರಿ, ಕೆನರಾ ಜಿಲ್ಲೆಗಳು ಆಗ ಆ ಪ್ರೆಸಿಡೆನ್ಸಿಯಲ್ಲೇ ಇದ್ದವು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಕೆಳಹಂತದ ನೌಕರರು ಜನರನ್ನು ಹಿಂಸಿಸುವುದು ವಾಡಿಕೆಯಾಗಿದೆ ಎಂದು ಆಯೋಗ ಒಪ್ಪಿಕೊಂಡಿತು. ಆರು ವರ್ಷಗಳ ನಂತರ, 1857ರ ದಂಗೆಯ ಬಿಸಿ ಇನ್ನೂ ಆರದಿರುವಾಗ, 1861ರ ಪೊಲೀಸ್ ಕಾಯ್ದೆ ಬಂತು. ಅದೇ ವರ್ಷದ ದಂಡ ಪ್ರಕ್ರಿಯಾ ಸಂಹಿತೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಪುರಾವೆಯಾಗದು ಎಂದಿತು. ಆ ನಿಯಮ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಲ್ಲಿ ಮುಂದುವರಿಯಿತು. ಇಲ್ಲೊಂದು ವಿಚಿತ್ರವಿದೆ. ನ್ಯಾಯಾಲಯದೊಳಗೆ ಪೊಲೀಸರ ಮಾತನ್ನು ನಂಬಬಾರದು ಎಂದ ಸರ್ಕಾರವೇ ಬೀದಿಯಲ್ಲಿ ಅವರ ಅನುಮಾನವನ್ನು ನಂಬಿತು. ನ್ಯಾಯಾಲಯಕ್ಕೆ ದಾಖಲೆ ಬೇಕಿತ್ತು, ಆಳ್ವಿಕೆಗೆ ಅನುಮಾನವೇ ಸಾಕಾಗಿತ್ತು.

ಆ ಅನುಮಾನಕ್ಕೆ ಕಾನೂನು ಕೊಟ್ಟ ಭಾಷೆ ಎಂಥದ್ದು ನೋಡಿ. 1898ರ ದಂಡ ಪ್ರಕ್ರಿಯಾ ಸಂಹಿತೆಯ 109ನೇ ಕಲಮಿನ ಪ್ರಕಾರ, ಕಣ್ಣಿಗೆ ಕಾಣುವ ಜೀವನೋಪಾಯ ಇಲ್ಲದವನಿಂದ, ಅಥವಾ ತಾನು ಯಾರು, ಏನು ಎಂದು ತೃಪ್ತಿಕರವಾಗಿ ಹೇಳಲಾರದವನಿಂದ ಸನ್ನಡತೆಯ ಜಾಮೀನು ಕೇಳಬಹುದಿತ್ತು. ತಾನು ಯಾರೆಂದು ತೃಪ್ತಿಕರವಾಗಿ ಹೇಳಬಲ್ಲವರು ಯಾರಿದ್ದಾರೆ? ನಮ್ಮ ಅರ್ಧದಷ್ಟು ಕವಿಗಳು ಈ ಕಲಮಿನಡಿ ಒಳಗೆ ಹೋಗಬೇಕಾಗಿತ್ತು. ಹೋಗಲಿಲ್ಲ, ಏಕೆಂದರೆ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಿರಲಿಲ್ಲ. ಯಾರಿಗೆ ಕೇಳಬೇಕು ಎಂಬ ಆಯ್ಕೆಯಲ್ಲೇ ಮರ್ಜಿ ಇತ್ತು.

ಈ ಭಾಷೆಯ ತವರು ಇಂಗ್ಲೆಂಡಿನ 1824ರ ಅಲೆಮಾರಿತನದ ಕಾಯ್ದೆ. ಜೀವನೋಪಾಯ ಕಾಣಿಸದವರು, ತಮ್ಮ ಬಗ್ಗೆ ಸರಿಯಾದ ವಿವರ ಕೊಡದವರು ಅಲ್ಲೂ ಅಪರಾಧಿಗಳೇ. ಅದೇ ಕಾಯ್ದೆಯ 'ಶಂಕಿತ ವ್ಯಕ್ತಿ' ಎಂಬ ಮಾತನ್ನು ಹಿಡಿದುಕೊಂಡು ಲಂಡನ್ನಿನ ಪೊಲೀಸರು 1970ರ ದಶಕದಲ್ಲೂ ಕಪ್ಪು ಯುವಕರನ್ನು ಬೀದಿಯಲ್ಲಿ ಹಿಡಿಯುತ್ತಿದ್ದರು. 1981ರ ಏಪ್ರಿಲ್‌ನಲ್ಲಿ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಅದೇ ವರ್ಷ 'ಶಂಕಿತ ವ್ಯಕ್ತಿ'ಯ ಅಪರಾಧ ರದ್ದಾಯಿತು. 1984ರ ಕಾಯ್ದೆ, ದಾರಿಯಲ್ಲಿ ತಡೆದು ಶೋಧಿಸಿದರೆ ಕಾರಣ ಬರೆದಿಡಬೇಕು ಎಂದಿತು. ಅಲ್ಲಿ ತಾರತಮ್ಯ ಮುಗಿದುಹೋಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಕಾರಣ ಬರೆದಿಟ್ಟಿದ್ದರಿಂದ ಆ ತಾರತಮ್ಯವನ್ನು ಎಣಿಸಿ ತೋರಿಸುವುದಾದರೂ ಸಾಧ್ಯವಾಯಿತು.

ಇಲ್ಲಿ ನಾವು ಒಂದು ಹೆಜ್ಜೆ ಮುಂದೆಯೇ ಹೋಗಿದ್ದೆವು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಪೊಲೀಸರಿಗೆ ಅನುಮಾನಪಡುವ ಶ್ರಮವನ್ನೂ ಉಳಿಸಿತು. ಇಡೀ ಸಮುದಾಯವೇ ಶಂಕಿತವಾದ ಮೇಲೆ ಒಬ್ಬೊಬ್ಬರ ಬಗ್ಗೆ ಕಾರಣ ಏಕೆ ಬೇಕು? ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಈ ಕಾನೂನು ಆಮೇಲೆ ದಕ್ಷಿಣಕ್ಕೂ ಇಳಿಯಿತು. ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಸೆಟ್ಲಮೆಂಟುಗಳೆದ್ದವು. ಕೊರವರು, ಹರಣಶಿಕಾರಿಗಳು, ಗಂಟಿಚೋರರು ಅಲ್ಲಿ ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಪಡೆಯಬೇಕು. ಹುಬ್ಬಳ್ಳಿಯಲ್ಲಿ 'ಸೆಟ್ಲಮೆಂಟ್' ಇವತ್ತಿಗೂ ಒಂದು ಬಡಾವಣೆಯ ಹೆಸರು. 1952ರಲ್ಲಿ ಕಾಯ್ದೆ ರದ್ದಾಯಿತು. ಪಟ್ಟಿ ಮಾಡುವ ಚಟ ಮಾತ್ರ ರೂಢಿಗತ ಅಪರಾಧಿಗಳ ಕಾಯ್ದೆಗಳ ರೂಪದಲ್ಲಿ ರಾಜ್ಯರಾಜ್ಯಗಳಲ್ಲಿ ಉಳಿದುಕೊಂಡಿತು.

ಹಳೆಯ ಕಥೆ ಎನ್ನಬೇಡಿ. 1871ರ ಆ ಕಾಯ್ದೆಯ ಇನ್ನೊಂದು ಭಾಗ ಹಿಜಡಾಗಳ ರಿಜಿಸ್ಟರ್ ಇಡಲು ಹೇಳಿತ್ತು. ಸರಿಯಾಗಿ 140 ವರ್ಷಗಳ ನಂತರ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿತು. ಅದರಲ್ಲೂ ಅದೇ ಸಮುದಾಯ, ಅದೇ ರಿಜಿಸ್ಟರ್, ಅದೇ 'ಸಕಾರಣ ಅನುಮಾನ'. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ 2016ರಲ್ಲಿ ಅದರ ಭಾಷೆ ಬದಲಾಯಿತು. ವಸಾಹತು ಕಾಲದ ವಾಕ್ಯವೊಂದು ನಮ್ಮದೇ ವಿಧಾನಸಭೆಯಲ್ಲಿ, ನಮ್ಮದೇ ಪ್ರತಿನಿಧಿಗಳ ಕೈಯಲ್ಲಿ ಮರುಹುಟ್ಟು ಪಡೆದ ಬಗೆ ಇದು. 'ರೌಡಿಶೀಟರ್' ಪದವನ್ನೂ ಗಮನಿಸಿ. ಪೊಲೀಸ್ ಮ್ಯಾನ್ಯುಯಲ್‌ನ ಆಧಾರದಲ್ಲಿ ಠಾಣೆಯಲ್ಲಿ ತೆರೆಯುವ ಹಾಳೆಯೊಂದು ನಮ್ಮ ಪತ್ರಿಕೆಗಳಲ್ಲಿ ಮನುಷ್ಯನ ಹೆಸರಿನ ಮುಂದೆ ಪದವಿಯಂತೆ ಕೂತಿದೆ. ನ್ಯಾಯಾಲಯ ಶಿಕ್ಷೆ ಕೊಟ್ಟಿದೆಯೇ ಎಂದು ನಾವು ಓದುಗರೂ ಕೇಳುವುದಿಲ್ಲ. ಹಿಂದುಳಿದ, ಅಂಚಿನ ಸಮುದಾಯಗಳ ಅಮಾಯಕರ ಹೆಸರುಗಳು ಪೂರ್ವಗ್ರಹದಿಂದ ಇಂಥ ಹಾಳೆಗಳನ್ನು ಸೇರುವ ಬಗ್ಗೆ 2024ರಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಬೇಕಾಯಿತು.

ಈ ವಾದ ಎತ್ತಿದಾಗಲೆಲ್ಲ ಗೆಳೆಯರು ಒಂದು ಮಾತು ಹೇಳುತ್ತಾರೆ: ವಿವೇಚನೆ ಇಲ್ಲದಿದ್ದರೆ ಕರುಣೆಯೂ ಇರುವುದಿಲ್ಲ. ಹಸಿದು ಬ್ರೆಡ್ ಕದ್ದ ಹುಡುಗನನ್ನು ಬಿಟ್ಟು ಕಳಿಸುವ ಪೇದೆಯ ಕೈಯನ್ನೂ ಕಟ್ಟಿಹಾಕುತ್ತೀಯಾ? ಇದು ಗಂಭೀರವಾದ ಪ್ರಶ್ನೆಯೇ. ಅಕ್ಷರಕ್ಕಕ್ಷರ ಜಾರಿಯಾಗುವ ಕಾನೂನು ಯಾರಿಗೂ ಬೇಡ. ಪುಸ್ತಕದಲ್ಲಿರುವ ಎಲ್ಲ ಅಪರಾಧಗಳನ್ನೂ ಹಿಡಿಯುವಷ್ಟು ಜನ ಯಾವ ಠಾಣೆಯಲ್ಲೂ ಇಲ್ಲ. ಆಯ್ಕೆ ಅನಿವಾರ್ಯ. ಆದರೆ ಆ ಕರುಣೆ ಯಾರ ಪಾಲಿಗೆ ಬರುತ್ತದೆ? ಪರಿಚಯದವರಿಗೆ, ಫೋನು ಮಾಡಿಸಬಲ್ಲವರಿಗೆ, ನೋಡಿದರೆ 'ಒಳ್ಳೆ ಮನೆಯವರು' ಅನ್ನಿಸುವವರಿಗೆ. ಉಳಿದವರಿಗೆ ಅದೇ ಕೈಯಿಂದ ಲಾಠಿ. ಕರುಣೆಗೂ ಕಾರಣ ಬರೆಯಿರಿ ಎಂದರೆ ಅದು ಸಾಯುವುದಿಲ್ಲ, ಸಮನಾಗಿ ಹಂಚಿಕೆಯಾಗುವ ಸಾಧ್ಯತೆ ಹುಟ್ಟುತ್ತದೆ.

ಬಂಧಿಸುವುದಕ್ಕಿಂತ ಹೆಚ್ಚು ಸದ್ದಿಲ್ಲದೆ ನಡೆಯುವುದು ನಿರಾಕರಣೆ. ನಮ್ಮ ಹಾಸ್ಟೆಲಿನ ಗೆಳತಿಯೊಬ್ಬಳ ಮೊಬೈಲನ್ನು ಬಸ್ಸಿನಲ್ಲಿ ಯಾರೋ ಎಗರಿಸಿದಾಗ ಅವಳ ಜೊತೆ ನಾನೂ ಠಾಣೆಗೆ ಹೋಗಿದ್ದೆ. ಅವಳು 'ಕಳುವಾಗಿದೆ' ಎಂದು ಬರೆದಿದ್ದಳು. ರೈಟರ್ ಸಿಟ್ಟು ಮಾಡಲಿಲ್ಲ, ಬಹಳ ಸೌಜನ್ಯದಿಂದಲೇ, "ಕಳೆದುಹೋಗಿದೆ ಅಂತ ಬರ್ಕೊಡಮ್ಮ, ಸುಮ್ನೆ ಕೋರ್ಟು ಕಚೇರಿ ಅಂತ ಯಾಕೆ ಅಲೀತೀಯ" ಎಂದರು. ಒಂದು ಕ್ರಿಯಾಪದ ಬದಲಾಯಿತು, ಒಂದು ಅಪರಾಧ ಇಲ್ಲವಾಯಿತು. ಕಳ್ಳನೂ ಇಲ್ಲ, ತನಿಖೆಯೂ ಇಲ್ಲ, ಅಜಾಗರೂಕಳಾದ ಹುಡುಗಿಯೊಬ್ಬಳು ಮಾತ್ರ ಉಳಿದಳು. ಈ ವಿವೇಚನೆಗೆ ಯಾವ ಕಡತದಲ್ಲಿ ಕಾರಣ ಸಿಗುತ್ತದೆ?

ಕಾರಣ ಬರೆಯಬೇಕೆಂಬುದು ನನ್ನ ಹೊಸ ಬೇಡಿಕೆಯೇನಲ್ಲ. ದೇಶದಲ್ಲಿ ನಡೆಯುವ ಬಂಧನಗಳಲ್ಲಿ ಶೇ. 60ರಷ್ಟು ಅನಗತ್ಯ ಎಂದು ರಾಷ್ಟ್ರೀಯ ಪೊಲೀಸ್ ಆಯೋಗದ ಮೂರನೇ ವರದಿ ಹೇಳಿತ್ತು. 1994ರ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಅದನ್ನೇ ಎತ್ತಿ ತೋರಿಸಿದ ಸುಪ್ರೀಂ ಕೋರ್ಟ್, ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧನಕ್ಕೆ ಸಮರ್ಥನೆ ಇರುವುದು ಬೇರೆ ಎಂದಿತು. 2010ರ ನವೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಗಳು, ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧಿಸಿದರೂ ಕಾರಣ ಬರೆಯಬೇಕು, ಬಂಧಿಸದಿದ್ದರೂ ಬರೆಯಬೇಕು ಎಂದವು. ಪಾಲನೆ ಎಷ್ಟಾಯಿತೆಂದರೆ, 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಅದೇ ಮಾತನ್ನು ಮತ್ತೆ ಹೇಳಿ, ಪೊಲೀಸರ ಕೈಗೆ ಪರಿಶೀಲನಾ ಪಟ್ಟಿ ಕೊಡಿ ಎಂದು ಆದೇಶಿಸಬೇಕಾಯಿತು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಇಟ್ಟಿತು: ಯಾವುದೇ ಅಪರಾಧವಿರಲಿ, ಬಂಧನದ ಆಧಾರಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕು. ಭಾಷೆಯ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು ಈ ತೀರ್ಪಿನ ಬಗ್ಗೆ ಎಷ್ಟು ಮಾತಾಡಿದ್ದೇವೆ?

ಆದರೆ ನಿರಾಕರಣೆಯ ಬಾಗಿಲು ಹೆಚ್ಚು ಅಗಲವಾಗುತ್ತಿದೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು, ಪ್ರಾಥಮಿಕ ವಿಚಾರಣೆ ಕೆಲವು ಬಗೆಯ ಪ್ರಕರಣಗಳಿಗೆ ಮಾತ್ರ ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮು, ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು, 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಠಾಣಾಧಿಕಾರಿಗೆ ಅವಕಾಶ ಕೊಟ್ಟಿದೆ. ಕಾಗದದ ಮೇಲೆ ಇದು ಎಚ್ಚರಿಕೆಯ ಕ್ರಮ. ಆದರೆ ಬಲಾಢ್ಯನ ವಿರುದ್ಧ ದೂರು ತಂದ ಕೂಲಿಯವನ ಪಾಲಿಗೆ ಆ ಹದಿನಾಲ್ಕು ದಿನಗಳು ಏನೆಂದು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ರಾಜಿ ಪಂಚಾಯ್ತಿಗೆ ಅಷ್ಟು ದಿನ ಧಾರಾಳವಾಗಿ ಸಾಕು.

ನಾನು ಕೇಳುವುದು ಸಣ್ಣದು. ದೂರು ತೆಗೆದುಕೊಳ್ಳುವುದಿಲ್ಲ ಎನ್ನುವ ಅಧಿಕಾರಿ ಆ 'ಇಲ್ಲ'ವನ್ನು ಕಾರಣದ ಸಮೇತ, ಕನ್ನಡದಲ್ಲಿ, ತನ್ನ ಸಹಿ ಹಾಕಿ, ಅಲ್ಲೇ ಬರೆದುಕೊಡಲಿ. ಈಗ ನಿರಾಕರಣೆಗೆ ಗುರುತೇ ಉಳಿಯುವುದಿಲ್ಲ. ಎಸ್‌ಪಿಗೆ ಬರೆಯಿರಿ, ಮ್ಯಾಜಿಸ್ಟ್ರೇಟರ ಬಳಿ ಹೋಗಿ ಎನ್ನುತ್ತದೆ ಕಾನೂನು. ಕೈಯಲ್ಲಿ ಒಂದು ಚೀಟಿಯೂ ಇಲ್ಲದವರು ಏನನ್ನು ತೋರಿಸಬೇಕು? ಹೆಸರು ಹಾಳೆಗೆ ಸೇರುವಾಗಲೂ ಅಷ್ಟೇ: ಯಾರ ಹೆಸರೋ ಅವರ ಕೈಗೆ ಕಾರಣದ ಪ್ರತಿ ತಲುಪಲಿ. ಕೆಲಸದ ಹೊರೆ ಹೆಚ್ಚುತ್ತದೆ ಎನ್ನುತ್ತಾರೆ, ನಿಜವೇ. ಹಾಗಾದರೆ ಹೆಚ್ಚು ರೈಟರುಗಳನ್ನು ಕೊಡಿ. ಕಾರಣ ಬರೆಯಲು ಪುರಸೊತ್ತಿಲ್ಲದ ವ್ಯವಸ್ಥೆಗೆ ಒಬ್ಬರ ಸ್ವಾತಂತ್ರ್ಯ ಕಸಿಯಲು ಮಾತ್ರ ಪುರಸೊತ್ತು ಹೇಗೆ ಸಿಗುತ್ತದೆ?

ಬರೆದ ಕಾರಣ ಸುಳ್ಳಾಗಿರಬಹುದು, ಅಚ್ಚೊತ್ತಿದ ಫಾರ್ಮಿನ ಸಾಲಾಗಿರಬಹುದು. ಆದರೂ ಬರೆದದ್ದನ್ನು ಓದಬಹುದು, ಹೋಲಿಸಬಹುದು, ಪ್ರಶ್ನಿಸಬಹುದು. ಅದು ನಮ್ಮ ಕಸುಬು ಕೂಡ. ಆ ಕಾರಣ ನಮ್ಮ ಕೈಗೆ ಸಿಗುವವರೆಗೆ ಈ ಅಧಿಕಾರವನ್ನು ವಿವೇಚನೆ ಎಂದು ಕರೆಯುವುದನ್ನು ನಾವಾದರೂ ನಿಲ್ಲಿಸೋಣ. ಅದಕ್ಕೆ ಮರ್ಜಿ ಎಂಬ ಪದ ನಮ್ಮಲ್ಲಿ ಎಂದಿನಿಂದಲೂ ಇದೆ.